ಇದ್ದ ಫಂಕ್ಷನ್ ಕಾಣದೇ ಹೋದ ಸೋಮವಾರ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಮಳೆಗಾಲದ ಕರೆಂಟಿನ ಕಾಟಕ್ಕೆ ಅಲ್ಲಿನ ಹಳೇ ಸರ್ವರ್ ಸುಸ್ತಾಗಿತ್ತು. ಒಂದು ಭಾನುವಾರ ತೀರ್ಥಹಳ್ಳಿಯಿಂದ ಹೋಗಿ, ಪಿಜಿ ಡಂಪ್‌ನಿಂದ (ಡೇಟಾಬೇಸನ್ನು ಫೈಲಿಗೆ ನಕಲಿಸುವ ಸಾಧನ) ಡಂಪ್ ತೆಗೆದು, ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಹೊಸ ಮೆಷಿನ್‌ಗೆ ಹಾಕಿದೆ. ಟೇಬಲ್‌ಗಳ ಸಾಲು ಎಣಿಸಿ ನೋಡಿದೆ, ಸರಿಯಿತ್ತು. ಮಂಡಗದ್ದೆಯಲ್ಲಿ ಚಾ ಕುಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆಯೇ ಸಾಹುಕಾರರ ಫೋನು. "ಎಂತ ಮಾರಾಯ, ಬಿಲ್ ಪಟ್ಟಿನೇ ಬರ್ತಿಲ್ಲ. ರಾಶಿ ಅಡಿಕೆ ತಂದೋರು ಕಾಯ್ತಾ ಕೂತಿದಾರೆ."

ತೆರೆಯ ಮೇಲೆ "ಫಂಕ್ಷನ್ ನಿವ್ವಳ_ತೂಕ ಡಸ್ ನಾಟ್ ಎಕ್ಸಿಸ್ಟ್" ಅಂತ ಇತ್ತು. ಒಟ್ಟು ತೂಕದಲ್ಲಿ ಚೀಲದ ತೂಕ ಕಳೆಯುವ ನಾಲ್ಕು ಸಾಲಿನ ಫಂಕ್ಷನ್ ಅದು. ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯುಎಲ್‌ನಲ್ಲಿ, ಫಂಕ್ಷನ್‌ಗಳನ್ನು ತೋರಿಸುವ ಬ್ಯಾಕ್‌ಸ್ಲ್ಯಾಷ್ ಡಿಎಫ್ ಜೊತೆ ಹೆಸರು ಕೊಟ್ಟೆ. ಸಿಗಲಿಲ್ಲ. ಡಂಪ್‌ನಲ್ಲೇ ಬಿಟ್ಟುಹೋಗಿದೆ ಅಂದುಕೊಂಡು ಇನ್ನೊಂದು ಡೇಟಾಬೇಸ್‌ಗೆ ಪೂರ್ತಿ ರಿಸ್ಟೋರ್ ಮಾಡಿದೆ. ಒಂದು ತಾಸು ಹಾಳು, ಫಲ ಅದೇ.

ಕೊನೆಗೆ ಡಂಪ್ ಫೈಲನ್ನೇ ತೆರೆದು ಹುಡುಕಿದರೆ ಫಂಕ್ಷನ್ ಅಲ್ಲೇ ಇದೆ, "ಮಂಡಿ" ಸ್ಕೀಮಾದೊಳಗೆ (ಸ್ಕೀಮಾ ಅಂದರೆ ಡೇಟಾಬೇಸಿನೊಳಗಿನ ಒಂದು ವಿಭಾಗ)! ಡಿಎಫ್‌ಗೆ ಬರೀ ಹೆಸರು ಕೊಟ್ಟರೆ ಅದು ಸರ್ಚ್ ಪಾತ್‌ನಲ್ಲಿರುವ (ಹೆಸರು ಹುಡುಕಬೇಕಾದ ಸ್ಕೀಮಾಗಳ ಯಾದಿ) ಸ್ಕೀಮಾಗಳನ್ನು ಮಾತ್ರ ನೋಡುತ್ತದೆ. ಹೆಸರಿಗಿಂತ ಮೊದಲು ನಕ್ಷತ್ರ, ಚುಕ್ಕಿ ಹಾಕಿದರೆ ಎಲ್ಲಾ ಸ್ಕೀಮಾಗಳನ್ನೂ ಜಾಲಾಡುತ್ತದೆ. ಹಾಕಿದೆ, ಬಂತು.

ಟೇಬಲ್‌ಗಳೆಲ್ಲ ಪಬ್ಲಿಕ್ ಎಂಬ ಮಾಮೂಲಿ ಸ್ಕೀಮಾದಲ್ಲಿ, ಫಂಕ್ಷನ್‌ಗಳು ಮಾತ್ರ ಬೇರೆ ಸ್ಕೀಮಾದಲ್ಲಿ. ಇದು ನನ್ನದೇ ಅಚ್ಚುಕಟ್ಟಿನ ಹುಚ್ಚು. ಹಳೇ ಸರ್ವರ್‌ನಲ್ಲಿ ಅಪ್ಲಿಕೇಶನ್ ಬಳಸುವ ಯೂಸರ್‌ಗೆ (ಪೋಸ್ಟ್‌ಗ್ರೆಸ್ ಭಾಷೆಯಲ್ಲಿ ರೋಲ್) "ಆಲ್ಟರ್ ರೋಲ್" ಆಜ್ಞೆ ಕೊಟ್ಟು ಸರ್ಚ್ ಪಾತ್‌ಗೆ ಮಂಡಿಯನ್ನು ಸೇರಿಸಿದ್ದೆ. ಪಿಜಿ ಡಂಪ್ ಯೂಸರ್‌ಗಳನ್ನು ತರುವುದಿಲ್ಲ, ಅವರ ಸೆಟ್ಟಿಂಗನ್ನೂ ತರುವುದಿಲ್ಲ. ಅದಕ್ಕೆ ಇಡೀ ಸರ್ವರ್‌ನ ನಕಲು ತೆಗೆಯುವ ಪಿಜಿ ಡಂಪ್‌ಆಲ್ ಬೇಕು. ಯೂಸರನ್ನು ನಾನು ಕೈಯಲ್ಲೇ ಮಾಡಿದ್ದೆ, ಈ ಒಂದು ಸಾಲು ಮರೆತಿದ್ದೆ. ಸ್ಕೀಮಾದ ಮೇಲೆ ಯೂಸೇಜ್ (ಬಳಕೆಯ) ಅನುಮತಿ ಇಲ್ಲದಿದ್ದರೂ ಹೀಗೇ ಆಗುತ್ತದೆ. ಅನುಮತಿ ಇಲ್ಲ ಅನ್ನುವುದು ಬಿಟ್ಟು, ಫಂಕ್ಷನ್ನೇ ಇಲ್ಲ ಅಂತ ಸಾಧಿಸುತ್ತದೆ.

ಆ ಸಾಲು ಕೊಟ್ಟೆ. ಆದರೂ ಪಟ್ಟಿ ಬರಲಿಲ್ಲ. ರೋಲ್ ಸೆಟ್ಟಿಂಗ್ ಹೊಸದಾಗಿ ಕನೆಕ್ಟ್ ಆದವರಿಗೆ ಮಾತ್ರ ಅನ್ವಯ. ಅಪ್ಲಿಕೇಶನ್ ಬೆಳಿಗ್ಗೆ ತೆರೆದ ಕನೆಕ್ಷನ್‌ಗಳನ್ನೇ ಹಿಡಿದು ಕೂತಿತ್ತು. ರೀಸ್ಟಾರ್ಟ್ ಮಾಡಿದ ಮೇಲೆ ಪ್ರಿಂಟರ್ ಸದ್ದು ಫೋನಿನಲ್ಲೇ ಕೇಳಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಅದೇ ಫಂಕ್ಷನ್, ಅದೇ "ಡಸ್ ನಾಟ್ ಎಕ್ಸಿಸ್ಟ್". ಈ ಸಲ ಎಲೆಕ್ಟ್ರಾನಿಕ್ ತಕ್ಕಡಿಯಿಂದ ನೇರ ಬಂದ ತೂಕಗಳಿಗೆ ಮಾತ್ರ. ಭಾನುವಾರ ಕೈ ಸುಮ್ಮನಿರಲಾರದೆ ಅದಕ್ಕೊಂದು ಹೊಸ ಟೇಬಲ್ ಮಾಡಿದ್ದೆ. ಈಗ ಸಂದೇಶವನ್ನು ಪೂರ್ತಿ ಓದಿದೆ: ಹೆಸರಿನ ಪಕ್ಕ ಕಂಸದಲ್ಲಿ "ಡಬಲ್ ಪ್ರಿಸಿಷನ್, ಇಂಟಿಜರ್". ಡಬಲ್ ಅಂದರೆ ದಶಮಾಂಶವನ್ನು ಅಂದಾಜಾಗಿ ಇಡುವ ಟೈಪು, ನ್ಯೂಮೆರಿಕ್ ಕರಾರುವಾಕ್ಕಾಗಿ ಇಡುವಂಥದ್ದು, ಇಂಟಿಜರ್ ಪೂರ್ಣಾಂಕ. ನಾನು ಫಂಕ್ಷನ್ ಬರೆದದ್ದು ನ್ಯೂಮೆರಿಕ್, ಇಂಟಿಜರ್‌ಗೆ; ಹೊಸ ಟೇಬಲ್‌ನಲ್ಲಿ ತೂಕ ಡಬಲ್. ಪೋಸ್ಟ್‌ಗ್ರೆಸ್ ಹೆಸರಿನ ಜೊತೆ ಟೈಪನ್ನೂ ಹೊಂದಿಸಿ ನೋಡುತ್ತದೆ. ನ್ಯೂಮೆರಿಕ್ ಕೊಟ್ಟರೆ ತಾನಾಗಿ ಡಬಲ್‌ಗೆ ಬದಲಿಸಿಕೊಳ್ಳುತ್ತದೆ, ಡಬಲ್ ಕೊಟ್ಟರೆ ನ್ಯೂಮೆರಿಕ್‌ಗೆ ಬದಲಿಸುವುದಿಲ್ಲ. ಟೈಪ್ ಕಾಸ್ಟ್ (ಟೈಪು ಬದಲಿಸು ಅನ್ನುವ ಸೂಚನೆ) ಹಾಕಿ ನೋಡಿ ಅಂತ ಕೆಳಗಿನ ಹಿಂಟ್‌ನಲ್ಲೇ ಬರೆದಿತ್ತು.

ಕಾಸ್ಟ್ ಹಾಕಲಿಲ್ಲ. ತೂಕಕ್ಕೆ ಡಬಲ್ ಇಟ್ಟದ್ದೇ ತಪ್ಪು. ಕಾಲಮನ್ನೇ ನ್ಯೂಮೆರಿಕ್ ಮಾಡಿ, ಆರಿದ ಸಾರಿಗೆ ಮರಳಿದೆ.