ಇಂಗ್ಲಿಷಿನಲ್ಲಿ ‘ಚೆಕ್’ ಅಂತ ಬರೆಯುವಾಗ ‘ಕ್ಯೂ’ ಯಾವಾಗ, ‘ಸಿ-ಕೆ’ ಯಾವಾಗ?

ಕನ್ನಡದಲ್ಲಿ ಬರೆಯುವಾಗ ಈ ತಲೆನೋವೇ ಇಲ್ಲ. ಬ್ಯಾಂಕಿಗೆ ಕೊಡುವುದೂ ಚೆಕ್, ಲೆಕ್ಕ ಸರಿ ಇದೆಯಾ ಅಂತ ನೋಡುವುದೂ ಚೆಕ್, ಲಾರಿ ನಿಲ್ಲಿಸುವ ಜಾಗ ಚೆಕ್‌ಪೋಸ್ಟ್. ಇಂಗ್ಲಿಷಿನಲ್ಲಿ ಇಮೇಲ್ ಬರೆಯಲು ಕೂತಾಗಲೇ cheque ಹಾಕಬೇಕಾ, check ಹಾಕಬೇಕಾ ಅಂತ ಕೈ ತಡವರಿಸುವುದು. ಹೀಗೆ ಮಾಡಿ.

ಮೊದಲು ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಬ್ಯಾಂಕಿನ ಆ ಹಾಳೆಯ ಬಗ್ಗೆಯಾ? ಅಲ್ಲ ಅಂದರೆ ಕಣ್ಣುಮುಚ್ಚಿ ಸಿ-ಕೆ ಹಾಕಿ. ಆಸ್ಪತ್ರೆಯ ಚೆಕಪ್, ಹೋಟೆಲ್ ಚೆಕ್-ಇನ್, ಚೆಸ್‌ನಲ್ಲಿ ರಾಜನಿಗೆ ಕೊಡುವ ಚೆಕ್, ಚೌಕಳಿ ಅಂಗಿಯ ಚೆಕ್ಸ್, ಎಲ್ಲದಕ್ಕೂ ಅದೇ. ಯಾವ ದೇಶದಲ್ಲಾದರೂ ಸರಿಯೇ.

ಹೌದು, ಬ್ಯಾಂಕಿನದೇ ಅಂದರೆ ಎರಡನೇ ಪ್ರಶ್ನೆ: ಓದುವವರು ಎಲ್ಲಿದ್ದಾರೆ? ಭಾರತ, ಬ್ರಿಟನ್, ಆಸ್ಟ್ರೇಲಿಯಾ ಆದರೆ ಕೊನೆಗೆ ಕ್ಯೂ-ಯು-ಇ. ನಮ್ಮಲ್ಲಿ ಚೆಕ್ ಬೌನ್ಸ್ ಕೇಸು ಹಾಕುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ, ಅಲ್ಲಿರುವುದೂ ಕ್ಯೂ ಸ್ಪೆಲಿಂಗೇ. ಅಮೆರಿಕದವರಿಗೆ ಮಾತ್ರ ಇದೂ ಸಿ-ಕೆ. ಪಕ್ಕದ ಕೆನಡಾದವರು ಅಮೆರಿಕದ ದಾರಿ ಹಿಡಿದಿಲ್ಲ, ಅವರ ‘ಚೆಕಿಂಗ್ ಅಕೌಂಟ್’ನಲ್ಲೂ (ದಿನಬಳಕೆಯ ಬ್ಯಾಂಕ್ ಖಾತೆ) ಕ್ಯೂ ಇರುತ್ತದೆ, ನೋಡಿದರೆ ತಪ್ಪು ಅನ್ನಿಸುತ್ತದೆ, ಆದರೆ ಅಲ್ಲಿ ಅದೇ ಸರಿ.

ಇಷ್ಟೊಂದು ಅರ್ಥ ಎಲ್ಲಿಂದ ಬಂತು ಅಂದರೆ, ಚದುರಂಗದಿಂದ. ಪರ್ಷಿಯನ್ನರ ‘ಶಾ’, ಅಂದರೆ ರಾಜ, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಚೆಕ್ ಆಗಿ ಬಂದ. ರಾಜನಿಗೆ ಕುತ್ತು ಬಂದರೆ ಆಟ ತಡೆದಂತೆ, ಹಾಗಾಗಿ ‘ತಡೆ’ ಅನ್ನುವ ಅರ್ಥ; ತಡೆದು ನೋಡುವುದರಿಂದ ‘ತಪಾಸಣೆ’; ಹಣದ ಕಾಗದದಲ್ಲಿ ಮೋಸ ತಡೆಯಲು ಇಟ್ಟುಕೊಳ್ಳುತ್ತಿದ್ದ ಅರ್ಧ ಚೀಟಿಗೂ ಇದೇ ಹೆಸರು ಬಿತ್ತು, ಆಮೇಲೆ ಆ ಕಾಗದಕ್ಕೇ ಅಂಟಿಕೊಂಡಿತು. ಬ್ಯಾಂಕಿನ ಚೆಕ್‌ನ ಸ್ಪೆಲಿಂಗಿನಲ್ಲೂ ಮೊದಮೊದಲು ಸಿ-ಕೆಯೇ ಇತ್ತು. ಇಂಗ್ಲೆಂಡಿನ ಖಜಾನೆಯ ಹೆಸರಾದ ಎಕ್ಸ್‌ಚೆಕರ್‌ನ ಪ್ರಭಾವದಿಂದ ಕ್ಯೂ ಸೇರಿಕೊಂಡಿತು. ಆ ಖಜಾನೆಗೆ ಹೆಸರು ಬಂದದ್ದೂ ಚದುರಂಗದ ಹಾಸಿನಂಥ ಚೌಕಳಿ ಬಟ್ಟೆಯಿಂದಲೇ. ಅದನ್ನು ಮೇಜಿನ ಮೇಲೆ ಹಾಸಿ ಲೆಕ್ಕ ಮಾಡುತ್ತಿದ್ದರು. ಅಂದಮೇಲೆ ಅಮೆರಿಕದವರು ಕೆಡಿಸಿದರು ಅಂತ ಬೈಯುವ ಹಾಗಿಲ್ಲ, ಅಲ್ವಾ?

ಒಂದು ತೊಡಕು ಇದೆ: ಕಾರ್ ರೇಸ್ ಮುಗಿದಾಗ ಬೀಸುವ ಕಪ್ಪು-ಬಿಳಿ ಚೌಕದ ಬಾವುಟ. ದುಡ್ಡಿನ ಮಾತೇ ಇಲ್ಲದಿದ್ದರೂ ಬ್ರಿಟಿಷರು ಅದಕ್ಕೆ ಕ್ಯೂ ಹಾಕುತ್ತಾರೆ. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಿ.

ಅಮೆರಿಕಕ್ಕೆ ಹೊಸದಾಗಿ ಹೋದವರಿಗೆ ಅರ್ಥವೇ ಜಾಸ್ತಿ ಕಾಟ ಕೊಡುತ್ತದೆ. ಅಲ್ಲಿ ಹೋಟೆಲಿನಲ್ಲಿ ‘ಚೆಕ್ ಪ್ಲೀಸ್’ ಅಂದರೆ ಬಿಲ್ ತನ್ನಿ ಅಂತ, ದುಡ್ಡು ಕಾರ್ಡಲ್ಲಿ ಕೊಟ್ಟರೂ ಸರಿಯೇ. ಫಾರ್ಮಿನಲ್ಲಿ ‘ಚೆಕ್ ಮಾಡಿ’ ಅಂದಿದ್ದರೆ ಚೌಕದೊಳಗೆ ಟಿಕ್ ಹಾಕಿ ಅಂತ.

ಕೊನೆಗೆ, ಕಂಪ್ಯೂಟರನ್ನು ನಂಬಿ ಕೂರಬೇಡಿ. ಎರಡೂ ನಿಜವಾದ ಪದಗಳೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯದೇ ಇರಬಹುದು. ‘ಫೈಂಡ್’ ಒತ್ತಿ ಎರಡನ್ನೂ ಹುಡುಕಿ, ಒಂದೊಂದೇ ನೋಡಿ. ಪತ್ರದಲ್ಲಿ ತಪ್ಪಿದರೆ ತಿದ್ದಬಹುದು. ಚೆಕ್ ಹಾಳೆಯ ಮೇಲೆ ಹೆಸರಿನ ಸ್ಪೆಲಿಂಗ್ ತಪ್ಪಿದರೆ ಮಾತ್ರ ಗೀಚಿ ಸಹಿ ಹಾಕಬೇಡಿ, ಈಗ ಚೆಕ್‌ಗಳು ಚಿತ್ರವಾಗಿ ಕ್ಲಿಯರಿಂಗ್‌ಗೆ ಹೋಗುವುದರಿಂದ ಅಂಥ ತಿದ್ದುಪಡಿ ನಡೆಯುವುದಿಲ್ಲ. ಇನ್ನೊಂದು ಹಾಳೆ ಹರಿಯಿರಿ.