ಬೀನಿ ಬೇಬಿಗೆ ಬೆಲೆ ಕಟ್ಟುವಾಗ ನಾನು ನೋಡೋದು

ಶಿಕಾಗೊ ಸುತ್ತಮುತ್ತ, ತೊಂಬತ್ತರ ದಶಕದಲ್ಲಿ ಮಕ್ಕಳಿದ್ದ ಮನೆಗಳ ಬೇಸ್‌ಮೆಂಟಿನಲ್ಲಿ ಬೀನಿ ಬೇಬಿ ಅನ್ನೋ ಪುಟ್ಟ ಪ್ರಾಣಿ ಗೊಂಬೆಗಳು ತುಂಬಿದ ಪ್ಲಾಸ್ಟಿಕ್ ಡಬ್ಬ ಒಂದಾದರೂ ಇರುತ್ತೆ. ಇವನ್ನು 1993ರಲ್ಲಿ ಹೊರತಂದ ಟೈ ಕಂಪನಿಯೂ ಇಲ್ಲೇ ಇಲಿನಾಯ್‌ನದು. ಐದು ಡಾಲರ್ ಆಸುಪಾಸಿನ ಗೊಂಬೆಗಳನ್ನು ಜನ ಆಗ ಷೇರು ಕೊಂಡಂತೆ ಕೊಂಡಿಟ್ಟರು. ಹಳೇ ಸಾಮಾನು ಇಬೇಯಂಥ ಆನ್‌ಲೈನ್ ಸಂತೆಯಲ್ಲಿ ಮಾರೋ ಹುಚ್ಚು ನನಗಿದೆ ಅಂತ ಗೊತ್ತಿರೋ ಕನ್ನಡ ಕೂಟದವರು, ಮನೆ ಖಾಲಿ ಮಾಡುವಾಗ ಡಬ್ಬ ತಂದು ಮುಂದಿಡ್ತಾರೆ.

“ಇಬೇಲಿ ಪ್ರಿನ್ಸೆಸ್ ಕರಡಿಗೆ ಲಕ್ಷ ಡಾಲರ್ ಹಾಕಿದಾರಲ್ರೀ!”

ಹಾಕೋದಕ್ಕೇನು, ಯಾರು ಎಷ್ಟಾದರೂ ಹಾಕಬಹುದು. ನಾನು ನೋಡೋದು ‘ಸೋಲ್ಡ್ ಐಟಮ್ಸ್’ ಒತ್ತಿದ ಮೇಲೆ ಬರೋ, ಮಾರಾಟವಾದವುಗಳ ಪಟ್ಟಿ ಮಾತ್ರ. ಅಲ್ಲೂ ವಿಪರೀತ ಮೊತ್ತ ಕಂಡರೆ ಲೆಕ್ಕಕ್ಕೆ ತಗೊಳ್ಳಲ್ಲ. ಹರಾಜಿನಲ್ಲಿ ಕೂಗಿದವನು ದುಡ್ಡು ಕಟ್ಟಿದ ಅನ್ನೋ ಖಾತ್ರಿಯೇನು? ರಾಜಕುಮಾರಿ ಡಯಾನಾ ನೆನಪಿಗೆ 1997ರಲ್ಲಿ ಪ್ರಕಟಿಸಿದ ಆ ನೇರಳೆ ಕರಡಿ ಮನೆಮನೆಯಲ್ಲೂ ಇದೆ. ನನ್ನ ಕೈಯಿಂದ ಹೋದವೆಲ್ಲ ಹೋಟೆಲಿನ ಒಂದು ಊಟದ ದುಡ್ಡಿಗೆ.

ಪ್ರಾಣಿ ಯಾವುದು ಅನ್ನೋದು ಆಮೇಲೆ, ಮೊದಲು ಟ್ಯಾಗ್. ಕಿವಿಗೆ ಸಿಕ್ಕಿಸಿದ ಕೆಂಪು ಹೃದಯದಾಕಾರದ ಟ್ಯಾಗ್ ತೆರೆಯಲು ಬಾರದ ಒಂಟಿ ರಟ್ಟಾಗಿದ್ದರೆ ಅದು ಮೊದಲ ತಲೆಮಾರು. ಅಂಥದ್ದು ಸಿಕ್ಕರೆ ಬೇರೆ ಕೆಲಸ ಬಿಟ್ಟು ಕೂರ್ತೀನಿ. ಎರಡನೆಯದು ಪುಸ್ತಕದ ಹಾಗೆ ತೆರೆಯುತ್ತೆ, ಮೂರನೆಯದರಲ್ಲಿ ‘ಟೈ’ ಅಕ್ಷರಗಳು ಉಬ್ಬಿಕೊಂಡಿವೆ. ಮೇಲೆ ಹಳದಿ ನಕ್ಷತ್ರ, ಒಳಗೆ ಹುಟ್ಟಿದ ದಿನ, ಪುಟ್ಟ ಪದ್ಯ ಇದ್ದರೆ 1996ರದ್ದು ಅಥವಾ ಈಚಿನದು. ಡಬ್ಬದಲ್ಲಿ ಮುಕ್ಕಾಲುಪಾಲು ಇವೇ. ಆಮೇಲೆ ಹಿಂಭಾಗಕ್ಕೆ ಹೊಲಿದ ಬಟ್ಟೆಯ ಟ್ಯಾಗ್. ತೀರಾ ಹಳೆಯವು ಕಪ್ಪು-ಬಿಳುಪು. ಅದರ ಮೇಲೆ ಕೆಂಪು ಹೃದಯದ ಚಿತ್ರ ಆಮೇಲೆ ಬಂತು. ಕಿವಿಯದು ಹಳೇದಾಗಿ ಹಿಂಭಾಗದ್ದು ಹೊಸದಾಗಿದ್ದರೆ ಯಾರೋ ಟ್ಯಾಗ್ ಬದಲಿಸಿದ್ದಾರೆ. ಬಟ್ಟೆಯ ಟ್ಯಾಗಿನಲ್ಲಿ 1993 ಅಂತಿದ್ದರೆ ಹಿಗ್ಗಬೇಡಿ, ಅದು ವಿನ್ಯಾಸದ ಕಾಪಿರೈಟ್ ವರ್ಷ, ಹೊಲಿದ ವರ್ಷವಲ್ಲ.

ಟ್ಯಾಗಿನಲ್ಲಿ ಸ್ಪೆಲಿಂಗ್ ತಪ್ಪಿದ್ದರೆ ಅಪರೂಪ ಅಂತ ಕೂಗುವವರು ಬಹಳ. ತಪ್ಪು ಅಚ್ಚಾಗಿದ್ದು ಒಂದೆರಡು ಟ್ಯಾಗಿನಲ್ಲಲ್ಲ, ರಾಶಿರಾಶಿಯಲ್ಲಿ. ಹಾಗಾಗಿ ಅದಕ್ಕೆ ನಾನು ಒಂದು ಡಾಲರೂ ಸೇರಿಸಲ್ಲ. ನಿಜಕ್ಕೂ ಬೇಡಿಕೆಯಿರೋದು 1995ರ ಪೀನಟ್ ಆನೆಯಂಥದ್ದಕ್ಕೆ: ಮೊದಲು ಕಡುನೀಲಿ ಬಂತು, ಆಮೇಲೆ ತಿಳಿನೀಲಿ ಮಾಡಿದರು. ಕಡುನೀಲಿಯದು ಈಗಲೂ ಒಳ್ಳೇ ಬೆಲೆಗೆ ಹೋಗುತ್ತೆ, ಅದಕ್ಕೇ ನಕಲಿಯೂ ಇದೆ. ಅಂಥದ್ದನ್ನು ಪರಿಣತರಿಗೆ ತೋರಿಸದೆ ಮಾರಾಟಕ್ಕೆ ಇಡಲ್ಲ.

ಟ್ಯಾಗ್ ಮಡಿಚಿದ್ದರೆ, ಬಿಸಿಲಿಗೆ ಬಣ್ಣ ಹೋಗಿದ್ದರೆ, ಸಿಗರೇಟಿನ ವಾಸನೆ ಇದ್ದರೆ ಬೆಲೆ ಇಳಿಸ್ತೀನಿ. ವಾಸನೆ ಫೋಟೋದಲ್ಲಿ ಕಾಣಲ್ಲ ಅಂತ ಮುಚ್ಚಿಟ್ಟರೆ ಗೊಂಬೆ ವಾಪಸ್ ಬರುತ್ತೆ.

ಸಾಮಾನ್ಯದವನ್ನು ಬಿಡಿಯಾಗಿ ಮಾರಲ್ಲ, ಅಂಚೆ ಖರ್ಚು, ಕಮಿಷನ್ನೇ ನುಂಗಿಹಾಕುತ್ತೆ. ಹಕ್ಕಿಗಳೆಲ್ಲ ಒಂದು ಲಾಟ್, ಕರಡಿಗಳೆಲ್ಲ ಒಂದು ಲಾಟ್. ಟ್ಯಾಗ್ ಕಿತ್ತುಹೋದವನ್ನು ತಂದವರಿಗೇ ವಾಪಸ್ ಕೊಡ್ತೀನಿ, ಮೊಮ್ಮಕ್ಕಳು ಆಡ್ಕೊಳ್ಳಲಿ.