ಹಳೇ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಮೊದಲು ಸ್ಪಿಂಡಲ್ ಬುಡ ನೋಡಿ

ನಮ್ಮ ಅಡುಗೆಮನೆ ಸಿಂಕ್ ಕೆಳಗೆ ಒಂದು ಹಿತ್ತಾಳೆ ವಾಲ್ವ್ ಇದೆ. ಮನೆ ಕಟ್ಟಿದಾಗ ಹಾಕಿದ್ದು. ಇಡೀ ಮನೆಯ ನೀರು ನಿಲ್ಲಿಸಬೇಕಾದರೆ ಅದನ್ನೇ ತಿರುಗಿಸಬೇಕು. ಹೋದ ತಿಂಗಳು ನಲ್ಲಿ ಬದಲಾಯಿಸೋಕೆ ಅಂತ ಅದನ್ನು ಮುಚ್ಚಿ, ಕೆಲಸ ಮುಗಿದ ಮೇಲೆ ತೆರೆದೆ. ಮಾರನೇ ದಿನ ಬೆಳಿಗ್ಗೆ ಕೆಳಗೆ ಹಾಸಿದ್ದ ಪೇಪರ್ ಒದ್ದೆಯಾಗಿತ್ತು. ಅಳತೆ ಲೋಟ ಇಟ್ಟು ನೋಡಿದೆ. ಒಂದು ಗಂಟೆಗೆ 150 ಮಿಲಿಲೀಟರ್. ಅಂದರೆ ದಿನಕ್ಕೆ 3.6 ಲೀಟರ್ ನೀರು ಸುಮ್ನೆ ಹೋಗುತ್ತಿತ್ತು.

ವರ್ಷಗಟ್ಟಲೆ ಮುಟ್ಟದ ವಾಲ್ವನ್ನು ಒಮ್ಮೆ ತಿರುಗಿಸಿದರೆ ಹೀಗಾಗುವುದು ತುಂಬಾ ಸಾಮಾನ್ಯ. ಹಿಡಿಯಿಂದ ಒಳಗೆ ಹೋಗುವ ಕಡ್ಡಿಗೆ ಸ್ಪಿಂಡಲ್ ಅಂತಾರೆ. ಅದರ ಸುತ್ತ ನೀರು ಹೊರಗೆ ಬರದ ಹಾಗೆ ದಾರದಂಥ ಪ್ಯಾಕಿಂಗ್ ತುಂಬಿರುತ್ತಾರೆ. ಅದರ ಮೇಲೆ ಕೂತು ಅದನ್ನು ಒತ್ತಿ ಹಿಡಿಯುವುದೇ ಗ್ಲ್ಯಾಂಡ್ ನಟ್. ಒಣಗಿ ಗಟ್ಟಿಯಾದ ಪ್ಯಾಕಿಂಗ್ ಒಳಗೆ ಸ್ಪಿಂಡಲ್ ತಿರುಗಿದಾಗ ಸಂದು ಬಿಡುತ್ತದೆ. ನೀರು ಅಲ್ಲಿಂದ ಜಿನುಗುತ್ತದೆ.

ಆದರೆ ನಿಮ್ಮದೂ ಅಲ್ಲಿಂದಲೇ ಸೋರುತ್ತಿದೆ ಅಂತ ಊಹಿಸಿಕೊಂಡು ಸ್ಪ್ಯಾನರ್ ಎತ್ತಬೇಡಿ. ಹನಿ ಬೀಳುವ ಜಾಗವೇ ಬೇರೆ, ನೀರು ಹೊರಡುವ ಜಾಗವೇ ಬೇರೆ. ನಮ್ಮಲ್ಲಿ ಹನಿ ಬೀಳುತ್ತಿದ್ದದ್ದು ಪೈಪ್ ಜೋಡಣೆಯಿಂದ. ನೋಡಿದವರು ಯಾರಾದರೂ ಜಾಯಿಂಟ್ ಹೋಗಿದೆ ಅನ್ನುತ್ತಿದ್ದರು. ನಾನು ವಾಲ್ವ್ ಪೂರ್ತಿ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಟಿಶ್ಯೂ ಪೇಪರ್ ಹರಿದು ಮೂರು ಪಟ್ಟಿ ಮಾಡಿದೆ. ಒಂದು ಸ್ಪಿಂಡಲ್ ಬುಡಕ್ಕೆ, ಒಂದು ವಾಲ್ವಿನ ಮೇಲ್ಭಾಗ ಬಾಡಿಗೆ ಕೂಡುವಲ್ಲಿ, ಇನ್ನೊಂದು ಪೈಪ್ ಜೋಡಣೆಗೆ ಸುತ್ತಿ, ಟಾರ್ಚ್ ಹಿಡಿದು ಕೂತೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಸ್ಪಿಂಡಲ್ ಪಟ್ಟಿಯ ಅಂಚು ಬೂದು ಬಣ್ಣಕ್ಕೆ ತಿರುಗಿತು. ಉಳಿದೆರಡು ಬೆಳ್ಳಗೇ ಇದ್ದವು.

ಟಾರ್ಚ್ ಕೈಯಲ್ಲಿದ್ದಾಗಲೇ ಲೋಹವನ್ನೂ ಸರಿಯಾಗಿ ನೋಡಿ. ಹಸಿರು ಕಿಲುಬು ಸ್ವಲ್ಪ ಇದ್ದರೆ ಪರವಾಗಿಲ್ಲ. ಹಿತ್ತಾಳೆಯ ಹಳದಿ ಹೋಗಿ ಅಲ್ಲಲ್ಲಿ ಗುಲಾಬಿ ಛಾಯೆ ಬಂದಿದ್ದರೆ, ಅದರೊಳಗಿನ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿದಿದೆ ಅಂತ ಅರ್ಥ. ಅಂಥ ಲೋಹಕ್ಕೆ ಬಲ ಇರಲ್ಲ, ಸ್ಪ್ಯಾನರ್ ಹಾಕಿದರೆ ಮುರಿಯಬಹುದು. ಬಿರುಕು ಕಂಡರೂ ಅಷ್ಟೇ. ರಿಪೇರಿಗೆ ಹೋಗಬೇಡಿ, ವಾಲ್ವನ್ನೇ ಬದಲಾಯಿಸಿ.

ಇನ್ನೊಂದು ಮಾತು. ಈ ವಾಲ್ವಿಗಿಂತ ಹಿಂದೆ, ಟ್ಯಾಂಕ್ ಅಥವಾ ಮೀಟರ್ ಹತ್ತಿರ, ನೀರು ನಿಲ್ಲಿಸುವ ಜಾಗ ಎಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ. ಅದು ನಿಜವಾಗಲೂ ನೀರು ನಿಲ್ಲಿಸುತ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿ.

ಈಗ ಗ್ಲ್ಯಾಂಡ್ ನಟ್. ಹಿಡಿಯ ಕೆಳಗೇ, ಸ್ಪಿಂಡಲ್ ಸುತ್ತ ಇರುವ ಆರು ಮೂಲೆಯ ಚಿಕ್ಕ ನಟ್ ಅದು. ಅದರ ಕೆಳಗಿನ ದೊಡ್ಡ ನಟ್ ಮುಟ್ಟಬೇಡಿ. ಒಂದು ಸ್ಪ್ಯಾನರಿನಿಂದ ವಾಲ್ವಿನ ಬಾಡಿಯನ್ನು ಅಲ್ಲಾಡದಂತೆ ಹಿಡಿಯಿರಿ, ಇಲ್ಲದಿದ್ದರೆ ಹಳೇ ಪೈಪ್ ತಿರುಚಿಕೊಳ್ಳುತ್ತದೆ. ಇನ್ನೊಂದರಿಂದ ಗ್ಲ್ಯಾಂಡ್ ನಟ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ. ಅಷ್ಟೇ. ಒರೆಸಿ, ಐದು ನಿಮಿಷ ಕಾಯಿರಿ. ಇನ್ನೂ ಜಿನುಗಿದರೆ ಮತ್ತೆ ಅಷ್ಟೇ ತಿರುಗಿಸಿ. ಪ್ರತಿ ಸಲವೂ ಹಿಡಿ ತಿರುಗುತ್ತದಾ ನೋಡಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಬಾತ್‌ರೂಮಿನ ವಾಲ್ವಿಗೆ ಒಂದೇ ಸಲ ಅರ್ಧ ಸುತ್ತು ಬಿಗಿ ಮಾಡಿದ್ದೆ. ಹನಿ ನಿಂತಿತು, ಆದರೆ ಹಿಡಿಯೂ ನಿಂತಿತು. ಬಲವಾಗಿ ತಿರುಗಿಸಿದಾಗ ಸ್ಪಿಂಡಲ್ ತುಂಡಾಯಿತು. ತೆರೆಯಲೂ ಆಗದ, ಮುಚ್ಚಲೂ ಆಗದ ವಾಲ್ವ್ ಸೋರುವ ವಾಲ್ವಿಗಿಂತ ಕಷ್ಟ.

ಮೂರ್ನಾಲ್ಕು ಸಲ ಬಿಗಿ ಮಾಡಿದರೂ ನಿಲ್ಲದಿದ್ದರೆ ಪ್ಯಾಕಿಂಗ್ ಮುಗಿದಿದೆ. ನನಗೂ ಹಾಗೇ ಆಯಿತು. ಆಗ ಟ್ಯಾಂಕ್ ಅಥವಾ ಮೀಟರ್ ಹತ್ತಿರದ ವಾಲ್ವ್ ಮುಚ್ಚಿ, ಮನೆಯ ಅತಿ ಕೆಳಗಿನ ನಲ್ಲಿ ತೆರೆದು ಪೈಪಿನಲ್ಲಿರುವ ನೀರು ಇಳಿಸಿ. ಕೆಳಗೆ ಬಕೆಟ್ ಇಡಿ. ಹಿಡಿಯ ತಲೆಯ ಮೇಲಿನ ಸ್ಕ್ರೂ ಬಿಚ್ಚಿ ಹಿಡಿ ತೆಗೆಯಿರಿ. ಗ್ಲ್ಯಾಂಡ್ ನಟ್ ಬಿಚ್ಚಿ ಮೇಲೆತ್ತಿ. ಒಳಗೆ ಕಪ್ಪಗೆ ಪುಡಿಪುಡಿಯಾದ ದಾರ ಕಾಣುತ್ತದೆ. ತುಂಬಾ ಹಳೇ ವಾಲ್ವಿನ ದಾರದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿಗೆ ಹೋಗಬಾರದು. ಹಾಗಾಗಿ ಒಣಗಿದ್ದಾಗ ಕೆರೆಯಬೇಡಿ, ಊದಬೇಡಿ. ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಸಣ್ಣ ಕೊಕ್ಕೆಯಿಂದ ಎಬ್ಬಿಸಿ, ಚೀಲಕ್ಕೆ ಹಾಕಿ ಕಟ್ಟಿಡಿ. ಸ್ಪಿಂಡಲ್ ಮೇಲೆ ಗೀರು ಬೀಳಬಾರದು. ಗೀರು ಬಿದ್ದರೆ ನೀರಿಗೆ ದಾರಿ ಸಿಕ್ಕ ಹಾಗೇ. ದಾರದ ಬದಲು ರಬ್ಬರ್ ಉಂಗುರ ಕಂಡರೆ ಅದೇ ಅಳತೆಯದನ್ನು ತಂದು ಹಾಕಿದರೆ ಸಾಕು.

ಹೊಸ ಪ್ಯಾಕಿಂಗಿಗೆ ಗ್ರಾಫೈಟ್ ದಾರ ಸಿಗುತ್ತದೆ. ನನ್ನ ಹತ್ತಿರ ಇದ್ದದ್ದು ಟೆಫ್ಲಾನ್ ಟೇಪ್. ಒಂದು ಗೇಣು ಉದ್ದ ಎಳೆದು, ದೀಪದ ಬತ್ತಿ ಹೊಸೆದ ಹಾಗೆ ಬೆರಳ ನಡುವೆ ಹೊಸೆದೆ. ಅದನ್ನು ನಟ್ ಬಿಗಿಯಾಗುವ ದಿಕ್ಕಿಗೇ ಸ್ಪಿಂಡಲ್ ಸುತ್ತ ಸುತ್ತಬೇಕು. ಎದುರು ದಿಕ್ಕಿಗೆ ಸುತ್ತಿದರೆ ನಟ್ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಎರಡು ಸುತ್ತು ಹಾಕಿ, ಚಿಕ್ಕ ಸ್ಕ್ರೂಡ್ರೈವರಿನಿಂದ ಕೆಳಗೆ ಒತ್ತಿ, ಮತ್ತೆ ಸುತ್ತಿ. ಗುಳಿ ಹೆಚ್ಚುಕಡಿಮೆ ತುಂಬಬೇಕು, ಆದರೆ ನಟ್ಟಿನ ತಿರುಪು ಆರಾಮಾಗಿ ಹಿಡಿಯುವಷ್ಟು ಜಾಗ ಉಳಿಯಬೇಕು. ನಟ್ ಕೈಯಲ್ಲೇ ಕೂರಿಸಿ, ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿ ಮಾಡಿ. ನೀರು ನಿಧಾನಕ್ಕೆ ಬಿಡಿ. ಮೊದಲ ಹನಿ ಕಂಡರೆ ಮತ್ತೆ ಅದೇ ಎಂಟನೇ ಒಂದು ಭಾಗ.

ವಾಲ್ವ್ ಪೂರ್ತಿ ಮುಚ್ಚಿದರೂ ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಅದು ಬೇರೆ ಕಾಯಿಲೆ. ವಾಷರ್ ಒತ್ತಿ ನೀರು ತಡೆಯುವ ಸ್ಟಾಪ್ ಕಾಕ್ ಆದರೆ ಒಳಗಿನ ಆ ವಾಷರ್ ಬದಲಾಯಿಸಬಹುದು. ಗೇಟ್ ವಾಲ್ವಿಗೆ ವಾಷರ್ ಇರಲ್ಲ, ಒಳಗೆ ಲೋಹದ ಬೆಣೆ ಇಳಿದು ನೀರು ತಡೆಯುತ್ತದೆ. ಆ ಬೆಣೆ ಸವೆದಿದ್ದರೆ ಹೊಸ ವಾಲ್ವೇ ಹಾಕಬೇಕು.

ನಮ್ಮ ವಾಲ್ವಿಗೆ ಮತ್ತೆ ಟಿಶ್ಯೂ ಪಟ್ಟಿ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಚ್ಚಿದಾಗ ಗರಿಗರಿಯಾಗಿತ್ತು. ಈಗ ಅದನ್ನು ಪೂರ್ತಿ ತೆರೆದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಟ್ಟಿದ್ದೇನೆ, ಹಾಗಿದ್ದರೆ ಕಚ್ಚಿಕೊಳ್ಳುವುದು ಕಡಿಮೆ. ಆರು ತಿಂಗಳಿಗೊಮ್ಮೆ ಮುಚ್ಚಿ ತೆರೆಯಬೇಕು ಅಂತ ಸಿಂಕ್ ಬಾಗಿಲ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.